ಸುಲಭವಾದುದನ್ನು ಆರಿಸುವುದು ತಪ್ಪೆ?

ಯಾವ ವಿದ್ಯೆಯನ್ನೇ ತೆಗೆದುಕೊಳ್ಳಿ, ಅದರಲ್ಲಿ ಎಲ್ಲಕ್ಕಿಂತ ಮುಖ್ಯವಾದ ಆಯ್ಕೆಯನ್ನು ಮನುಷ್ಯ ತಾನು ಏನೂ ಅರಿಯದ ದಿನವೇ ಮಾಡಬೇಕಾಗುತ್ತದೆ. ಸಂಗೀತ ಕಲಿಯಹೊರಟ ಹುಡುಗಿ ವೀಣೆಯೋ ಪಿಟೀಲೋ ಎಂಬುದನ್ನು ಶ್ರುತಿಯ ಪರಿಚಯವಾಗುವ ಮೊದಲೇ ನಿಶ್ಚಯಿಸಬೇಕು. ಕಾಲೇಜಿಗೆ ಸೇರುವ ಹುಡುಗ ವಿಜ್ಞಾನವೋ ಸಾಹಿತ್ಯವೋ ಎಂಬುದನ್ನು ಎರಡರ ರುಚಿಯನ್ನೂ ನೋಡುವ ಮೊದಲೇ ಅರ್ಜಿಯಲ್ಲಿ ಬರೆಯಬೇಕು. ಈ ತೊಡಕಿನಲ್ಲಿ ಸಿಕ್ಕಿದವರು ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ: "ಇದರಲ್ಲಿ ಸುಲಭ ಯಾವುದು?" ಈ ಪ್ರಶ್ನೆಗೆ ನಮ್ಮಲ್ಲಿ ಒಳ್ಳೆಯ ಹೆಸರಿಲ್ಲ. ಸುಲಭವನ್ನು ಹುಡುಕುವವನು ಸೋಮಾರಿ, ಇಲ್ಲವೇ ಹೇಡಿ ಎಂದು ಭಾವಿಸುವುದೇ ರೂಢಿ. ಹಾಗೆ ಭಾವಿಸುವುದು ನ್ಯಾಯವೆ ಎಂಬುದು ನನ್ನ ಸಂದೇಹ.

ಈ ವಿಚಾರಕ್ಕೆ ನಾನು ಒಂದು ವಿಡಿಯೋ ಗೇಮನ್ನು ನಿದರ್ಶನವಾಗಿ ತೆಗೆದುಕೊಂಡರೆ ವಾಚಕರು ಬೇಸರಿಸಬಾರದು. ಪಗಡೆಯಾಟದಿಂದ ಒಂದು ಮಹಾಯುದ್ಧವೇ ಹುಟ್ಟಿದ ಕಥೆಯನ್ನು ಕೇಳಿ ಬೆಳೆದವರು ನಾವು. ಆಟದಲ್ಲಿ ಧರ್ಮಜಿಜ್ಞಾಸೆಗೆ ಎಡೆಯಿಲ್ಲವೆಂದು ಹೇಳಲಾರೆವು.

ಆಟದ ಹೆಸರು 'ವ್ಯಾಂಪೈರ್: ದಿ ಮಾಸ್ಕರೇಡ್ – ಬ್ಲಡ್‌ಲೈನ್ಸ್'. ಅಮೆರಿಕದ ಟ್ರಾಯ್ಕಾ ಗೇಮ್ಸ್ ಎಂಬ ಸಂಸ್ಥೆ ಸಿದ್ಧಪಡಿಸಿದ ಇದು 2004ರ ನವೆಂಬರಿನಲ್ಲಿ ಹೊರಬಂತು. ಮರುವರ್ಷವೇ ಸಂಸ್ಥೆ ಮುಚ್ಚಿಹೋಯಿತು. ಆಟ ಮಾತ್ರ ಉಳಿದುಕೊಂಡಿತು. ಇದರ ಮೂಲ, 1991ರಲ್ಲಿ ಪ್ರಕಟವಾದ, ಮೇಜಿನ ಸುತ್ತ ಕುಳಿತು ಮಾತು ಮತ್ತು ದಾಳಗಳಿಂದ ಆಡುವ ಇನ್ನೊಂದು ಆಟ. ವ್ಯಾಂಪೈರ್ ಎಂದರೆ ಸತ್ತೂ ಸಾಯದೆ, ಮನುಷ್ಯರ ರಕ್ತ ಕುಡಿದು ಇರುಳಿನಲ್ಲಿ ಬದುಕುವ ಜೀವಿ. ನಮ್ಮ ಬೇತಾಳನಂತೆ ಅದು ಮಸಣದ ಮರಕ್ಕೆ ಜೋತುಬೀಳುವುದಿಲ್ಲ. ಲಾಸ್ ಏಂಜಲೀಸಿನಂಥ ದೊಡ್ಡ ನಗರದಲ್ಲಿ, ದೀಪ ಬೆಳಗುವ ಬೀದಿಗಳಲ್ಲಿ, ಮನುಷ್ಯರ ನಡುವೆ ಮನುಷ್ಯನಂತೆಯೇ ಓಡಾಡುತ್ತದೆ. ಆಟಗಾರ ಧರಿಸಬೇಕಾದ ವೇಷ ಅದು.

ಈ ಜೀವಿಗೆ ಎರಡು ಕಟ್ಟಳೆಗಳಿವೆ. ಮೊದಲನೆಯದು ಗುಟ್ಟು. ತಾನು ಏನೆಂಬುದನ್ನು ಜನರ ಕಣ್ಣಿಗೆ ತೋರಗೊಡಬಾರದು; ಐದು ಸಲ ತಪ್ಪಿದರೆ ಆಟ ಮುಗಿಯಿತು. ಎರಡನೆಯದು ಮಾನುಷತ್ವ. ಅದಕ್ಕೊಂದು ಅಳತೆಗೋಲನ್ನೇ ಇಟ್ಟಿದ್ದಾರೆ. ನಿರಪರಾಧಿಗಳನ್ನು ಕೊಂದರೆ ಅದು ಇಳಿಯುತ್ತದೆ. ಇಳಿದಷ್ಟೂ, ಮೈಯಲ್ಲಿ ರಕ್ತ ಬತ್ತಿದ ಹೊತ್ತಿನಲ್ಲಿ ಹುಚ್ಚು ಆವೇಶ ಬಂದು ಮೈಮೇಲೆ ಹಿಡಿತ ತಪ್ಪುವುದು ಹೆಚ್ಚುತ್ತದೆ.

ಆಟದ ಹೊಸ್ತಿಲಲ್ಲೇ ಆಯ್ಕೆ ಕಾದಿರುತ್ತದೆ. ಏಳು ಕುಲಗಳಿವೆ, ಒಂದನ್ನು ಹಿಡಿಯಬೇಕು. ಆಮೇಲೆ ಕೊಟ್ಟಿರುವ ಕೆಲವೇ ಅಂಕಗಳನ್ನು ದೇಹಬಲ, ಮಾತಿನ ಬಲ, ಬುದ್ಧಿಬಲಗಳಿಗೆ ಹಂಚಬೇಕು. ಈ ಹಂಚಿಕೆಯನ್ನೇ ಆಟಗಾರರು 'ಬಿಲ್ಡ್' ಎನ್ನುತ್ತಾರೆ. ಪ್ರತಿ ಗುಣವನ್ನೂ ಐದು ಮೆಟ್ಟಿಲವರೆಗೆ ಬೆಳೆಸಬಹುದು, ಆದರೆ ಮೇಲೇರಿದಷ್ಟೂ ಮೆಟ್ಟಿಲಿನ ಬೆಲೆ ಏರುತ್ತದೆ. ಅಂಕಗಳನ್ನು ಮುಂದೆ ಗಳಿಸಿ ಸೇರಿಸಿಕೊಳ್ಳಬಹುದು. ಕುಲವನ್ನು ಮಾತ್ರ ಬದಲಿಸುವಂತಿಲ್ಲ. ಇದರಲ್ಲೊಂದು ಸ್ವಾರಸ್ಯವಿದೆ. ಕಥೆಯೊಳಗಿನ ವ್ಯಕ್ತಿ ಒಂದು ರಾತ್ರಿ ಅಪರಿಚಿತರ ಕಡಿತಕ್ಕೆ ಸಿಕ್ಕಿ, ತಾನು ಕೇಳದ ಕುಲಕ್ಕೆ ಸೇರಿಬಿಟ್ಟಿರುತ್ತಾನೆ. ಹೊರಗೆ ಕುಳಿತವನ ಆಯ್ಕೆ ಒಳಗಿರುವವನ ಹಣೆಬರಹವಾಗುತ್ತದೆ. ಪೂರ್ವಜನ್ಮದ ಕರ್ಮವನ್ನು ಕುರಿತು ನಮ್ಮ ಹಿರಿಯರು ಹೇಳಿದುದಕ್ಕೆ ಇದಕ್ಕಿಂತ ಸರಳವಾದ ದೃಷ್ಟಾಂತವನ್ನು ನಾನು ಕಂಡಿಲ್ಲ.

ಈ ಆಟಕ್ಕೆ ಕೈಹಾಕಲಿದ್ದ ನನ್ನ ವಿದ್ಯಾರ್ಥಿಯೊಬ್ಬ, ನಾನೂ ಅದನ್ನು ಆಡಿದ್ದೇನೆಂದು ತಿಳಿದು, "ಸಾರ್, ಹೊಸಬರಿಗೆ ಯಾವ ಬಿಲ್ಡ್ ಒಳ್ಳೆಯದು?" ಎಂದು ಕೇಳಿದ. ಪಕ್ಕದಲ್ಲಿದ್ದ ತತ್ತ್ವಶಾಸ್ತ್ರದ ಅಧ್ಯಾಪಕರಿಗೆ ಆ ಪ್ರಶ್ನೆ ಹಿಡಿಸಲಿಲ್ಲ. "ಇದನ್ನೆಲ್ಲ ಕೇಳಬಾರದಪ್ಪ. ಮನಸ್ಸಿಗೆ ಒಪ್ಪಿದ್ದನ್ನು ಹಿಡಿದು, ಏಟು ತಿಂದು ಕಲಿಯಬೇಕು. ಸುಲಭದ ದಾರಿಯಲ್ಲಿ ನಡೆದವನಿಗೆ ತಾನು ಯಾರೆಂಬುದು ಗೊತ್ತಾಗುವುದಿಲ್ಲ" ಎಂದರು. ಮಾತಿನಲ್ಲಿ ತೂಕವಿತ್ತು. ಆದರೂ ನಾನು ಹುಡುಗನಿಗೆ ಉತ್ತರ ಕೊಟ್ಟೆ. ಏಕೆ ಕೊಟ್ಟೆನೆಂಬುದನ್ನು ಇಲ್ಲಿ ವಿವರಿಸುತ್ತೇನೆ.

ಏಳು ಕುಲಗಳಲ್ಲಿ ಹೊಸಬರಿಗೆ ಟೊರೆಡೋರ್ ಅಥವಾ ಬ್ರೂಹಾ ಒಪ್ಪುತ್ತದೆ. ಮೊದಲನೆಯವರು ಕಲಾರಸಿಕರು, ಎರಡನೆಯವರು ಬಂಡಾಯಗಾರರು. ಇಬ್ಬರಿಗೂ ಮಿಂಚಿನಂತೆ ಚಲಿಸುವ ಶಕ್ತಿಯಿದೆ, ಇಬ್ಬರೂ ಬೀದಿಯಲ್ಲಿ ಸಾಮಾನ್ಯರಂತೆ ನಡೆಯಬಲ್ಲರು. ದೊರೆತನದ ವೆಂಟ್ರೂ ಕುಲವೂ ಆಗಬಹುದು. ಆದರೆ ಅವರಿಗೆ ಇಲಿಯ ರಕ್ತವಾಗಲಿ ಬೀದಿಯ ಬಡವರ ರಕ್ತವಾಗಲಿ ಒಗ್ಗದು, ಕುಡಿದರೆ ವಾಂತಿಯಾಗುತ್ತದೆ. ನಾಸ್ಫೆರಾಟು ಕುಲದವರ ಮುಖ ಎಷ್ಟು ವಿಕಾರವೆಂದರೆ, ಜನರ ಕಣ್ಣಿಗೆ ಬಿದ್ದರೇ ಗುಟ್ಟು ರಟ್ಟು. ಅವರು ಚರಂಡಿಗಳ ಒಳಗೇ ಸುಳಿದಾಡಬೇಕು. ಮಾಲ್ಕೇವಿಯನ್ ಕುಲದವರೆಲ್ಲ ಬುದ್ಧಿಭ್ರಮಣೆಯಾದವರು. ಅವರ ಮಾತು ಒಗಟಿನಂತಿದ್ದು, ಮುಂದೆ ನಡೆಯಲಿರುವುದರ ಸೂಚನೆಗಳನ್ನು ಅಡಗಿಸಿಕೊಂಡಿರುತ್ತದೆ. ಕಥೆಯನ್ನು ಒಮ್ಮೆ ಬಲ್ಲವನಿಗೆ ಅದು ಪರಮಾನಂದ, ಅರಿಯದವನಿಗೆ ಬರಿಯ ಗೊಂದಲ. ಛಂದಸ್ಸಿನ ನಡೆ ಕಿವಿಗೆ ಹಿಡಿಯದವನಿಗೆ ಕವಿ ಬೇಕೆಂದೇ ಅದನ್ನು ಮುರಿದ ಸೊಗಸು ತಿಳಿಯುವುದೆ? ಅಧಿಕಾರಿಭೇದ ಎಂಬ ಹಳೆಯ ಮಾತಿಗೆ ಇಲ್ಲಿ ಅರ್ಥವಿದೆ. ಅದು ಯೋಗ್ಯತೆಯ ತಾರತಮ್ಯವಲ್ಲ, ಯಾವುದು ಯಾವಾಗ ಎಂಬ ವಿವೇಕ.

ಸುಲಭ ಎಂಬ ಮಾತಿನಲ್ಲಿ ಮೋಸವೂ ಉಂಟು. ಆಟದ ಮೊದಲ ಊರಾದ ಸಾಂಟಾ ಮೋನಿಕಾದಲ್ಲಿ ಮಾತುಗಾರನಿಗೆ ಎಲ್ಲ ಬಾಗಿಲುಗಳೂ ತೆರೆಯುತ್ತವೆ. ಅದನ್ನು ನಂಬಿ ಅಂಕಗಳನ್ನೆಲ್ಲ ನಾಲಗೆಗೇ ಸುರಿದವನು, ಕಥೆಯ ಕೊನೆಯ ಭಾಗದಲ್ಲಿ ಮಾತು ಕೇಳದ ಶತ್ರುಗಳ ನಡುವೆ ನಿಸ್ಸಹಾಯಕನಾಗುತ್ತಾನೆ. ಇಂದಿನ ಸುಲಭ ನಾಳೆಯ ಕಷ್ಟವಾಗುವುದು ಹೀಗೆ. ಆದ್ದರಿಂದ ಹುಡುಗನಿಗೆ ನಾನು ಹೇಳಿದ್ದು ಇಷ್ಟು: ಕತ್ತಿ ಹಿಡಿಯುವ ಕೈ ಗಟ್ಟಿಯಾಗಿರಲಿ, ಮನವೊಲಿಸುವ ಮಾತು ಸ್ವಲ್ಪ ಇರಲಿ, ಬೀಗ ತೆರೆಯುವ ಚಾತುರ್ಯ ಜೊತೆಗಿರಲಿ, ಎಲ್ಲಕ್ಕೂ ಒಂದೊಂದು ಅಂಕ ಹಂಚಿ ಯಾವುದಕ್ಕೂ ಒದಗದವನಾಗಬೇಡ. ಇನ್ನೊಂದು ಸಂಗತಿಯನ್ನೂ ಹೇಳಿದೆ. ಈ ಆಟದಲ್ಲಿ ಕೊಂದ ತಲೆಗಳಿಗೆ ಅಂಕವಿಲ್ಲ. ಒಪ್ಪಿಕೊಂಡ ಕೆಲಸ ಮುಗಿಸಿದರೆ ಮಾತ್ರ ಅಂಕ. ಕೊಲ್ಲದೆ ಮುಗಿಸಿದವನಿಗೆ ಇದರಿಂದ ನಷ್ಟವಾಗುವುದಿಲ್ಲ.

ಇಷ್ಟು ಲೆಕ್ಕಾಚಾರದ ಮಾತಾಯಿತು. ಆಟದಲ್ಲಿ ಈ ಲೆಕ್ಕದ ಹೊರಗಿರುವ ಒಂದು ಪ್ರಸಂಗವಿದೆ. ಸಾಂಟಾ ಮೋನಿಕಾದ ಚಿಕಿತ್ಸಾಲಯದಲ್ಲಿ ಹೆದರ್ ಎಂಬ ಯುವತಿ ಗಾಯಗೊಂಡು, ನೋಡುವವರಿಲ್ಲದೆ ಸಾಯುತ್ತ ಮಲಗಿರುತ್ತಾಳೆ. ನೀವು ನಿಮ್ಮ ರಕ್ತವನ್ನು ಕುಡಿಸಿದರೆ ಬದುಕುತ್ತಾಳೆ. ಆದರೆ ಆ ರಕ್ತ ಅವಳನ್ನು ನಿಮ್ಮ ದಾಸಿಯನ್ನಾಗಿ ಮಾಡುತ್ತದೆ. ಅವಳು ನಿಮ್ಮನ್ನು ಹುಡುಕಿಕೊಂಡು ಬಂದು ನಿಮ್ಮ ಮನೆಯಲ್ಲೇ ನಿಲ್ಲುತ್ತಾಳೆ. ನಿಮ್ಮ ಹಸಿವಿಗೆಂದು ಒಬ್ಬ ಮನುಷ್ಯನನ್ನೇ ಕರೆತಂದು ಬಚ್ಚಲಮನೆಯಲ್ಲಿ ಕೂಡಿಹಾಕುತ್ತಾಳೆ! ಅವಳನ್ನು ಬಹುಕಾಲ ಇರಿಸಿಕೊಂಡರೆ ಒಳ್ಳೆಯ ಕವಚವೊಂದನ್ನು ತಂದುಕೊಡುತ್ತಾಳೆ. ಕೊನೆಯವರೆಗೂ ಇರಿಸಿಕೊಂಡರೆ ನಿಮ್ಮ ಶತ್ರುಗಳ ಕೈಗೆ ಸಿಕ್ಕಿ ಸಾಯುತ್ತಾಳೆ. "ಹೊರಟುಹೋಗು, ನಿನ್ನ ಬದುಕನ್ನು ನೀನು ನೋಡಿಕೋ" ಎಂದು ಕಳುಹಿಸಿದರೆ, ಅಳುತ್ತ ಹೋಗುತ್ತಾಳೆ, ಉಳಿಯುತ್ತಾಳೆ.

ಕವಚವಿದ್ದರೆ ಆಟ ಸುಲಭ. ಟೊರೆಡೋರ್ ಕುಲವನ್ನು ಹಿಡಿದರೂ ಆಟ ಸುಲಭ. ಈ ಎರಡು ಸುಲಭಗಳೂ ಒಂದೇ ಏನು? ಒಂದೇ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಸರಳವಾದ ಕುಲವನ್ನು ಆರಿಸಿದಾಗ ನಾನು ಕಳೆದುಕೊಳ್ಳುವುದು ನನ್ನದೇ ಸ್ವತ್ತು: ವಿಚಿತ್ರಗಳ ರುಚಿ, ಗೆಳೆಯರ ಮುಂದೆ ಹೇಳಿಕೊಳ್ಳುವ ಹೆಮ್ಮೆ. ಕವಚದ ಆಸೆಗೆ ಹೆದರಳನ್ನು ಇರಿಸಿಕೊಂಡಾಗ ಬೆಲೆ ತೆರುವವಳು ಅವಳು. ನೀತಿಯ ಪ್ರಶ್ನೆ ಇರುವುದು ಸುಲಭವೋ ಕಷ್ಟವೋ ಎಂಬಲ್ಲಲ್ಲ. ಸುಲಭದ ಬೆಲೆಯನ್ನು ಯಾರು ತೆರುತ್ತಾರೆ ಎಂಬಲ್ಲಿ.

ಹೆದರ್ ನಿಜವಾದ ಹೆಣ್ಣಲ್ಲ, ಅವಳ ಸಾವಿಗೆ ಯಾರೂ ಅಳಬೇಕಾಗಿಲ್ಲ ಎಂಬ ಆಕ್ಷೇಪ ಸರಿಯೆ. ಆದರೆ ನಾನು ಕೊಡುವ ಉತ್ತರ ನಿಜವಾದದ್ದು. ನೋಡುವವರಿಲ್ಲದಾಗ, ದಂಡನೆಯಿಲ್ಲದಾಗ, ಕೈಗೆ ಲಾಭ ಬರುವಾಗ ನನ್ನ ಮನಸ್ಸು ಎತ್ತ ವಾಲುತ್ತದೆಂಬುದನ್ನು ಅದು ನನಗೇ ತಿಳಿಸುತ್ತದೆ.

ಇದೇ ಪ್ರಶ್ನೆಯನ್ನು ನಮ್ಮ ಅಧ್ಯಾಪಕ ಮಿತ್ರರ 'ಕಷ್ಟದ ದಾರಿ'ಗೂ ಹಾಕಬೇಕು. ಆ ದಾರಿಯ ಏಟುಗಳನ್ನೆಲ್ಲ ನಾನೊಬ್ಬನೇ ತಿನ್ನುವುದಾದರೆ ಅವರ ಮಾತಿಗೆ ಎದುರಿಲ್ಲ. ಆದರೆ ಕೈಲಾಗದ ವೇಷ ತೊಟ್ಟು, ಹೆಜ್ಜೆಹೆಜ್ಜೆಗೂ ಸೋತು, ರಕ್ತ ಬತ್ತಿ, ಆವೇಶ ಬಂದ ವ್ಯಾಂಪೈರ್ ಯಾರ ಮೇಲೆ ಬೀಳುತ್ತದೆ? ದಾರಿಯಲ್ಲಿ ತನ್ನ ಪಾಡಿಗೆ ಹೋಗುತ್ತಿದ್ದವನ ಮೇಲೆ. ಈಜು ಬಾರದೆ ಮಡುವಿಗೆ ಧುಮುಕಿದ ಸಾಹಸಿ, ತನ್ನನ್ನು ಎತ್ತಲು ಬಂದವನನ್ನೂ ಮುಳುಗಿಸುತ್ತಾನೆ. ಹೊಸದಾಗಿ ಕೆಲಸಕ್ಕೆ ಸೇರಿದ ಅಧ್ಯಾಪಕ ಪಾಂಡಿತ್ಯದ ಹುಮ್ಮಸ್ಸಿನಲ್ಲಿ ಅತ್ಯಂತ ಕಠಿಣವಾದ ಕಾವ್ಯವನ್ನು ಪಾಠಕ್ಕೆ ಎತ್ತಿಕೊಂಡರೆ, ಪರೀಕ್ಷೆಯಲ್ಲಿ ಕಷ್ಟಪಡುವವರು ಅವನ ವಿದ್ಯಾರ್ಥಿಗಳು. ಧೈರ್ಯವೆಂದು ನಾವು ಕೊಂಡಾಡುವುದರ ಲೆಕ್ಕ ಎಷ್ಟೋ ಸಲ ಪಕ್ಕದವರ ಹೆಸರಿಗೆ ಬರೆದಿರುತ್ತದೆ.

ಹಸಿವು ಏರಿದ ಮೇಲೆ ಸಂಯಮವನ್ನು ಬೋಧಿಸಿ ಫಲವಿಲ್ಲ. ಹಸಿವು ಅಷ್ಟು ಏರದಂತೆ ಮೊದಲೇ ನೋಡಿಕೊಳ್ಳುವುದು ನೀತಿಯ ಅರ್ಧ ಭಾಗ. ತನ್ನ ಅಳವಿಗೆ ತಕ್ಕ ವೇಷವನ್ನು ಆರಿಸುವವನು ಆ ಅರ್ಧವನ್ನು ಮಾಡಿದಂತಾಯಿತು. ಪ್ರಾಣಭಯದಲ್ಲಿ ಓಡುವವನಿಗೆ ಕಾಣದ ಗಾಯಾಳು, ನೆಮ್ಮದಿಯಿಂದ ನಡೆಯುವವನ ಕಣ್ಣಿಗೆ ಬೀಳುತ್ತಾನೆ. ಉಳಿದರ್ಧವನ್ನು ಯಾವ ಬಿಲ್ಡೂ ಮಾಡಿಕೊಡಲಾರದು. ಗಾಯಾಳುವನ್ನು ಕಂಡ ಮೇಲೆ ಏನು ಮಾಡಬೇಕೆಂಬುದಕ್ಕೆ ಅಂಕಗಳ ಪಟ್ಟಿಯಲ್ಲಿ ಉತ್ತರವಿಲ್ಲ. ಆದ್ದರಿಂದ, ಸುಲಭ ಯಾವುದೆಂದು ಕೇಳಿದ ಹುಡುಗನನ್ನು ನಾನು ಹೇಡಿಯೆನ್ನಲಾರೆ. ಹಾಗೆ ಉಳಿಸಿಕೊಂಡ ಶಕ್ತಿಯನ್ನು ಅವನು ಯಾರಿಗಾಗಿ ವ್ಯಯಮಾಡುತ್ತಾನೆಂಬುದನ್ನು ನೋಡಿ ಆಮೇಲೆ ಮಾತಾಡಬೇಕು.