ಅಂಗಳದ ಬೆಕ್ಕು ಮತ್ತು ನಮ್ಮ ಹೊಣೆ

ಬೆಕ್ಕನ್ನು ಕೂಡಿಹಾಕಿ, ಆಹಾರ ಕೊಡದೆ, ತಾನಾಗಿ ಹುಡುಕಿ ತಿನ್ನಲೂ ಬಿಡದೆ ಕೊಂದ ಸ್ತ್ರೀ ನರಕಕ್ಕೆ ಗುರಿಯಾದಳೆಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ. ನಾವು ಅಂಥವರಲ್ಲವೆಂದು ಸಮಾಧಾನಪಡುತ್ತೇವೆ.

ಆದರೆ ನಾವೇ ನೆಟ್ಟ ಕಣಗಿಲೆಯ ಎಲೆ, ಹೂ, ಕಾಂಡವೆಲ್ಲ ವಿಷ. ಅದು ಹೃದಯದ ಬಡಿತವನ್ನೇ ಕೆಡಿಸುತ್ತದೆ. ಹೂಗುಚ್ಛದ ಏಷಿಯಾಟಿಕ್ ಲಿಲಿಯ ಪರಾಗ ಮೈಗಂಟಿದರೂ ಸಾಕು. ಬೆಕ್ಕು ಮೈ ನೆಕ್ಕಿಕೊಂಡಾಗ ಅದು ಹೊಟ್ಟೆ ಸೇರಿ, ಕೆಲವೇ ದಿನಗಳಲ್ಲಿ ಮೂತ್ರಪಿಂಡಗಳು ವಿಫಲವಾಗಬಹುದು.

ಗೊತ್ತಿಲ್ಲದೆ ನೆಟ್ಟದ್ದು ಅಪರಾಧವೇ? ಅಲ್ಲ. ಗೊತ್ತಾದ ಮೇಲೂ ಹಾಗೆಯೇ ಬಿಟ್ಟರೆ? ಕ್ರೌರ್ಯಕ್ಕೆ ದ್ವೇಷವೇ ಬೇಕೆಂದಿಲ್ಲ, ಅಲಕ್ಷ್ಯವೂ ಸಾಕು. ನಮ್ಮನ್ನು ನಂಬಿ ಮನೆಯೊಳಗೆ ಸುಳಿದಾಡುವ ಜೀವ ನಮಗೆ ಒಪ್ಪಿಸಲ್ಪಟ್ಟ ಅಮಾನತ್ತು. ಬೆಕ್ಕಿರುವ ಮನೆಗೆ ಲಿಲಿ ತರದಿರೋಣ. ಕಣಗಿಲೆಯ ಜಾಗದಲ್ಲಿ ಗುಲಾಬಿ ನೆಡೋಣ. ಅಂಗಳದ ಚೆಲುವೇನೂ ಕಡಿಮೆಯಾಗದು.