ನನ್ನ ಜಾಗದಲ್ಲಿ ನೀವಿದ್ದಿದ್ದರೆ

ಸ್ತನ ಕ್ಯಾನ್ಸರ್ ಎಂದು ಗೊತ್ತಾದ ಹೆಂಗಸರು ಆ ದಾರಿಯನ್ನು ಮೊದಲೇ ನಡೆದವರನ್ನು ಹುಡುಕಿಕೊಂಡು ಬಂದು ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವಕ್ಕೆ ಉತ್ತರವಿದೆ. ಕಿಮೋ ಶುರುವಾದ ಎಷ್ಟು ದಿನಕ್ಕೆ ಕೂದಲು ಉದುರುತ್ತದೆ, ಡ್ರೈನ್ ಪೈಪನ್ನು ಯಾವಾಗ ತೆಗೆಯುತ್ತಾರೆ, ಕೈ ಮೇಲೆತ್ತಿ ಜಡೆ ಹೆಣೆದುಕೊಳ್ಳಲು ಎಷ್ಟು ವಾರ ಬೇಕು ಎಂಬಂಥವು. ಕಷ್ಟವಾಗುವುದು ಒಂದೇ ಪ್ರಶ್ನೆ: "ನನ್ನ ಜಾಗದಲ್ಲಿ ನೀವಿದ್ದಿದ್ದರೆ ಏನು ಮಾಡ್ತಿದ್ರಿ?"

ನನಗೆ ಆಪರೇಷನ್ ಆಗಿ ಎಂಟು ವರ್ಷ. ಅಂದಿನಿಂದ ತಂಗಿಯ ಸಹೋದ್ಯೋಗಿ, ಪಕ್ಕದ ಬೀದಿಯ ಟೈಲರ್, ಹಾಲು ಹಾಕುವವನ ಅತ್ತಿಗೆ ಹೀಗೆ ಹಲವರು ಈ ಪ್ರಶ್ನೆ ಕೇಳಿದ್ದಾರೆ. ಅದಕ್ಕೆ ಉತ್ತರ ಕೊಡಬೇಕೆ, ಕೊಟ್ಟರೆ ಅದು ಸಹಾಯವಾಗುತ್ತದೆಯೆ ಎಂದು ಪ್ರತಿ ಸಲವೂ ಯೋಚಿಸುತ್ತೇನೆ.

ಪ್ರಶ್ನೆ ಏಳುವುದು ಎಲ್ಲಿ ಎಂಬುದನ್ನು ಮೊದಲು ನೋಡಬೇಕು. ಗಡ್ಡೆ ತೀರಾ ದೊಡ್ಡದಾಗಿದ್ದರೆ, ಸ್ತನದ ಹಲವು ಕಡೆ ಹರಡಿದ್ದರೆ ಅಥವಾ ವಿಕಿರಣ ಚಿಕಿತ್ಸೆ ಕೊಡಲು ಆಗದ ಸ್ಥಿತಿಯಿದ್ದರೆ ಆಯ್ಕೆ ಕಿರಿದಾಗುತ್ತದೆ. ಆದರೆ ಬೇಗ ಪತ್ತೆಯಾದ ಅನೇಕರಿಗೆ ಎರಡು ದಾರಿಗಳಿರುತ್ತವೆ. ಗಡ್ಡೆಯನ್ನೂ ಅದರ ಸುತ್ತಲಿನ ಸ್ವಲ್ಪ ಭಾಗವನ್ನೂ ಮಾತ್ರ ತೆಗೆದು ಉಳಿದ ಸ್ತನಕ್ಕೆ ವಿಕಿರಣ ಕೊಡುವುದು ಒಂದು. ಇಡೀ ಸ್ತನವನ್ನೇ ತೆಗೆಯುವುದು ಇನ್ನೊಂದು. ಇಡೀ ತೆಗೆದರೆ ಹೊಟ್ಟೆಯ ಅಥವಾ ಬೆನ್ನಿನ ಮಾಂಸದಿಂದ ಹೊಸದಾಗಿ ಕಟ್ಟಿಸಿಕೊಳ್ಳಬೇಕೆ, ಹಾಗೇ ಬಿಡಬೇಕೆ ಎಂಬ ಮತ್ತೊಂದು ಕವಲು ಬರುತ್ತದೆ. ವೈದ್ಯರು ಎಲ್ಲವನ್ನೂ ವಿವರಿಸಿ, "ಜೀವದ ದೃಷ್ಟಿಯಿಂದ ಎರಡೂ ಒಂದೇ, ನೀವು ಹೇಳಿ" ಎಂದು ಪೆನ್ನು ಕೆಳಗಿಡುತ್ತಾರೆ.

ಆ "ನೀವು ಹೇಳಿ" ಎಂಬ ಮಾತು ಸುಲಭಕ್ಕೆ ಬಂದದ್ದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಬಾಲ್ಟಿಮೋರಿನ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ ಸ್ತನದ ಜೊತೆಗೆ ಅದರಡಿಯ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ಒಟ್ಟಿಗೆ ತೆಗೆಯುವ ಶಸ್ತ್ರಚಿಕಿತ್ಸೆಯನ್ನು ರೂಢಿಗೆ ತಂದರು. ಮುಂದೆ ಮುಕ್ಕಾಲು ಶತಮಾನದಷ್ಟು ಕಾಲ ಅದೇ ನಿಯಮವಾಗಿತ್ತು. ಗಂಟಿನ ಪರೀಕ್ಷೆಗೆಂದು ಅರಿವಳಿಕೆ ಕೊಟ್ಟು, ಕ್ಯಾನ್ಸರ್ ಎಂದು ಕಂಡರೆ ಅದೇ ಮೇಜಿನ ಮೇಲೆ ಸ್ತನವನ್ನು ತೆಗೆದುಬಿಡುತ್ತಿದ್ದರು. ಕಣ್ಣು ಬಿಟ್ಟ ಮೇಲೆ ಕೈಯಿಂದ ಎದೆ ಮುಟ್ಟಿ ನೋಡಿಕೊಂಡಾಗಲೇ ಹೆಂಗಸಿಗೆ ಗೊತ್ತಾಗುತ್ತಿದ್ದುದು. 1974ರಲ್ಲಿ ರೋಸ್ ಕುಶ್ನರ್ ಎಂಬ ಅಮೆರಿಕನ್ ಪತ್ರಕರ್ತೆ ತನ್ನ ಗಂಟಿಗೆ ಪರೀಕ್ಷೆ ಮಾತ್ರ ಮಾಡಿ, ಮುಂದಿನದನ್ನು ನಾನು ಎಚ್ಚರವಿದ್ದಾಗ ಮಾತಾಡೋಣ ಎಂದು ಪಟ್ಟು ಹಿಡಿದರು. ಅದಕ್ಕೆ ಒಪ್ಪುವ ವೈದ್ಯರಿಗಾಗಿ ಆಕೆ ಹಲವರ ಬಾಗಿಲು ತಟ್ಟಬೇಕಾಯಿತು. 1979ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಮಿತಿ ಪರೀಕ್ಷೆ ಮತ್ತು ಶಸ್ತ್ರಚಿಕಿತ್ಸೆ ಎರಡು ಬೇರೆ ಹಂತಗಳಾಗಿರಬೇಕು ಎಂದು ಶಿಫಾರಸು ಮಾಡಿತು. ಆ ಸಮಿತಿಯಲ್ಲಿ ಕುಶ್ನರ್ ಕೂಡ ಇದ್ದರು.

ಇತ್ತ ಇಟಲಿಯ ಮಿಲಾನಿನಲ್ಲಿ ಉಂಬರ್ಟೊ ವೆರೊನೇಸಿ 1973ರಲ್ಲಿ, ಅಮೆರಿಕದಲ್ಲಿ ಬರ್ನಾರ್ಡ್ ಫಿಶರ್ 1976ರಲ್ಲಿ ಎರಡೂ ಬಗೆಯ ಚಿಕಿತ್ಸೆಗಳನ್ನು ಹೋಲಿಸುವ ಅಧ್ಯಯನ ಶುರುಮಾಡಿದರು. ಇಪ್ಪತ್ತು ವರ್ಷಗಳ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಉಳಿಸಿಕೊಂಡ ಸ್ತನದಲ್ಲಿ ಗಡ್ಡೆ ಮರಳುವ ಸಾಧ್ಯತೆ ಒಂದಿಷ್ಟು ಹೆಚ್ಚು. ಆದರೆ ಬದುಕುಳಿಯುವ ಪ್ರಮಾಣದಲ್ಲಿ ವ್ಯತ್ಯಾಸವಿಲ್ಲ.

ಈ ಬಿಡುಗಡೆಯ ಒಳಗೇ ಒಂದು ಒಂಟಿತನವಿದೆ. ವೈದ್ಯಶಾಸ್ತ್ರ ಜೀವ ಉಳಿಯುವವರೆಗೆ ಮಾತಾಡಿ ಸುಮ್ಮನಾಗುತ್ತದೆ. ಸ್ನಾನದ ಮನೆಯ ಕನ್ನಡಿ, ಗಂಡನ ಕೈ, ರಾತ್ರಿ ಮೂರು ಗಂಟೆಯ ಎಚ್ಚರ ಇವುಗಳ ಬಗ್ಗೆ ಅದು ಏನೂ ಹೇಳುವುದಿಲ್ಲ.

ನಮ್ಮಲ್ಲಿ ಆ ಮೌನವನ್ನು ಮನೆಯವರು ತುಂಬುತ್ತಾರೆ. ಫೈಲು ಮಗನ ಕೈಯಲ್ಲೋ ಮೈದುನನ ಕೈಯಲ್ಲೋ ಇರುತ್ತದೆ. ನನಗಾಗ ಐವತ್ತೊಂದು. ಮನೆಯಲ್ಲಿ ಎರಡು ಸಂಜೆ ಚರ್ಚೆಯಾಯಿತು. "ಈ ವಯಸ್ಸಿಗೆ ಅದೇನು ಬೇಕು, ತೆಗೆಸಿಬಿಡೋದು ವಾಸಿ" ಎಂದರು. ಯಾರ ಬಾಯಲ್ಲೂ ಆ ಅಂಗದ ಹೆಸರು ಬರಲಿಲ್ಲ, ಬರೀ "ಅದು". ಎದೆಗಾರಿಕೆ, ಎದೆ ತುಂಬಿ ಬಂತು, ಎದೆಯ ಮೇಲೆ ಕೈಯಿಟ್ಟು ಹೇಳು ಎಂದೆಲ್ಲ ದಿನಕ್ಕೆ ಹತ್ತು ಸಲ ಎದೆಯನ್ನು ಕರೆಯುವ ಭಾಷೆ ನಮ್ಮದು. ಹೆಣ್ಣಿನ ಎದೆಗೆ ಕಾಯಿಲೆ ಬಂದಾಗ ಮಾತ್ರ ಸರ್ವನಾಮ ಸಾಕಾಗುತ್ತದೆ.

ಹಾಗೆಂದು ಮನೆಯವರನ್ನು ಪಕ್ಕಕ್ಕೆ ಸರಿಸಿ, ದೇಹ ನನ್ನದು, ನಿರ್ಧಾರ ನನ್ನದು ಎಂದುಬಿಟ್ಟರೆ ಮುಗಿಯಿತೆ? ವಿಕಿರಣಕ್ಕೆ ವಾರಗಟ್ಟಲೆ ಬೆಂಗಳೂರಿನಲ್ಲಿ ಉಳಿಯಬೇಕಾದಾಗ ಜೊತೆಗೆ ಬರುವವರು ಅವರೇ. ಸಾಲ ಮಾಡುವವರು ಅವರು, ಹಟ್ಟಿಯ ಎಮ್ಮೆ ನೋಡಿಕೊಳ್ಳುವವರೂ ಅವರು. ಅವರ ಭಯವೂ ನಿಜ. ಇಷ್ಟು ಜನರ ನಡುವೆ ನಿಂತೇ ಹೆಂಗಸು ತನ್ನದು ಎನ್ನಬಹುದಾದ ಒಂದು ನಿರ್ಧಾರಕ್ಕೆ ಬರಬೇಕು. ಅಲ್ಲಿ ಅವಳಿಗೆ ಬೇಕಾಗುವುದು ಫಲಿತಾಂಶದಲ್ಲಿ ಪಾಲಿಲ್ಲದ, ಆದರೆ ವಿಷಯ ಗೊತ್ತಿರುವ ಇನ್ನೊಬ್ಬ ಹೆಂಗಸು.

ನನಗೆ ಅಂಥವರು ಸಿಕ್ಕಿದ್ದು ವಿಕಿರಣ ವಿಭಾಗದ ಬೆಂಚಿನ ಮೇಲೆ. ನಾನು ಶಿವಮೊಗ್ಗದಿಂದ ಹೋಗಿ ನೆಂಟರ ಮನೆಯಲ್ಲಿ ಉಳಿದಿದ್ದೆ. ವಾರಕ್ಕೆ ಐದು ದಿನದಂತೆ ಮೂರು ವಾರ, ಒಟ್ಟು 15 ಸಲ. ಯಂತ್ರದ ಕೆಳಗೆ ಮಲಗುವುದು ಕೆಲವು ನಿಮಿಷ, ಕಾಯುವುದು ಎರಡು ಮೂರು ಗಂಟೆ. ದಿನಾ ಅದೇ ಹೊತ್ತಿಗೆ ಬರುತ್ತಿದ್ದವರಲ್ಲಿ ಒಬ್ಬರು ಕುಷ್ಟಗಿ ಕಡೆಯ ರೈತ ಹೆಂಗಸು. ಜೋಳದ ಸುಗ್ಗಿಗೆ ಊರು ಸೇರಬೇಕೆಂದು ಪೂರ್ತಿ ತೆಗೆಸಿಕೊಂಡಿದ್ದರು. ಕಂಕುಳಿನ ಹಲವು ಗ್ರಂಥಿಗಳಲ್ಲೂ ಕಾಯಿಲೆ ಕಂಡಿದ್ದರಿಂದ ವಿಕಿರಣವೂ ಬೇಕಾಯಿತು. "ನಂದು ಎರಡೂ ಆತ್ರಿ" ಎಂದು ನಗುತ್ತಿದ್ದರು. ಇನ್ನೊಬ್ಬರು ಬೆಂಗಳೂರಿನ ಬ್ಯಾಂಕ್ ಉದ್ಯೋಗಿ, ನಲವತ್ತರ ಆಸುಪಾಸು. ಪೂರ್ತಿ ತೆಗೆಸಿ, ಹೊಟ್ಟೆಯ ಭಾಗದಿಂದ ಹೊಸದಾಗಿ ಕಟ್ಟಿಸಿಕೊಂಡಿದ್ದರು. ನಾನು ಉಳಿಸಿಕೊಂಡವಳು. ಒಂದೇ ಬೆಂಚಿನ ಮೇಲೆ ಮೂರು ನಿರ್ಧಾರಗಳು ಕೂತಿದ್ದವು.

ನಮ್ಮ ಮಾತೆಲ್ಲ ಸಣ್ಣ ಸಣ್ಣ ಸಂಗತಿಗಳದ್ದು. ಮೈಮೇಲೆ ಹಾಕಿದ ಗುರುತಿನ ಶಾಯಿ ಅಳಿಸದಂತೆ ಸ್ನಾನ ಮಾಡುವುದು ಹೇಗೆ, ಹಳೆಯ ಹತ್ತಿ ಸೀರೆ ಹರಿದು ಒಳಗೆ ಹಾಕಿಕೊಂಡರೆ ಚರ್ಮ ಎಷ್ಟು ಹಾಯಾಗಿರುತ್ತದೆ, ಗ್ರಂಥಿ ತೆಗೆದ ಕೈಯಲ್ಲಿ ಬಿಪಿ ನೋಡಲು ಬಂದರೆ ಇನ್ನೊಂದು ಕೈ ಚಾಚಬೇಕು. ಕುಷ್ಟಗಿಯವರು ಬಟ್ಟೆಯ ಚೀಲ ಹೊಲಿದು ಅದರಲ್ಲಿ ಸಾಸಿವೆ ತುಂಬಿ ರವಿಕೆಯೊಳಗೆ ಇಟ್ಟುಕೊಂಡಿದ್ದರು. "ಭಾರ ಇಲ್ಲಂದ್ರ ಮೈ ಒಂದ್ ಕಡೀಗೆ ವಾಲಿದಂಗ ಆಕ್ಕೈತಿ" ಎಂದು ಅದನ್ನು ಹೊರತೆಗೆದು ನಮ್ಮಿಬ್ಬರ ಕೈಗೂ ಕೊಟ್ಟು ತೂಕ ತೋರಿಸಿದರು.

ಎರಡನೆಯ ವಾರ ಬ್ಯಾಂಕಿನವರು ನನ್ನನ್ನು ಕೇಳಿದರು: "ಕ್ಯಾನ್ಸರ್ ಬಂದ ಜಾಗವನ್ನ ಇಟ್ಕೊಂಡು ನಿಮಗೆ ನಿದ್ದೆ ಹೇಗೆ ಬರುತ್ತೆ?" ಅದರಲ್ಲಿ ಕೊಂಕಿರಲಿಲ್ಲ. ಆದರೂ ಚುಚ್ಚಿತು. ಅವರು ತಮ್ಮ ಆಯ್ಕೆಗೆ ಕೊಟ್ಟುಕೊಂಡಿದ್ದ ಕಾರಣವೇ ನನ್ನ ಆಯ್ಕೆಯ ಮೇಲಿನ ಆರೋಪವಾಗಿತ್ತು. ಅನವಶ್ಯಕವಾದದ್ದನ್ನು ಯಾಕೆ ಕತ್ತರಿಸಬೇಕು ಎಂಬ ನನ್ನ ಕಾರಣವನ್ನು ಬಾಯಿಬಿಟ್ಟು ಹೇಳಿದ್ದರೆ ಅದು ಅವರಿಬ್ಬರ ಮೇಲೂ ಆರೋಪವಾಗುತ್ತಿತ್ತು. ಅಷ್ಟರಲ್ಲಿ ಕುಷ್ಟಗಿಯವರು, "ಆಕಿ ನಿದ್ದಿ ಆಕೀದು, ನಿಮ್ ನಿದ್ದಿ ನಿಮ್ದು. ಚಾ ತರಸ್ಲೇನು?" ಎಂದರು.

ಸಮನಾದ ಎರಡು ದಾರಿಗಳಲ್ಲಿ ಒಂದನ್ನು ಹಿಡಿದವರಿಗೆ, ತಾನು ಮಾಡಿದ್ದು ಸರಿ ಎಂದು ಬದುಕು ಎಂದೂ ಸಾಕ್ಷಿ ಹೇಳುವುದಿಲ್ಲ. ಇನ್ನೊಂದು ದಾರಿಯಲ್ಲಿ ಏನಾಗುತ್ತಿತ್ತೆಂದು ನೋಡಲು ಆಗುವುದಿಲ್ಲವಲ್ಲ. ಆಗ ಸಾಕ್ಷಿಯನ್ನು ಬೇರೆಯವರಲ್ಲಿ ಹುಡುಕುತ್ತೇವೆ. ನನ್ನಂತೆಯೇ ಮಾಡಿದವಳು ಸಿಕ್ಕರೆ ಸಮಾಧಾನ, ಬೇರೆ ಮಾಡಿದವಳು ಸಿಕ್ಕರೆ ಇರುಸುಮುರುಸು. ಆದ್ದರಿಂದ "ನೀವಿದ್ದಿದ್ದರೆ ಏನು ಮಾಡ್ತಿದ್ರಿ" ಎಂದು ಕೇಳಿದಾಗ ನಾಲಿಗೆಯ ತುದಿಗೆ ಬರುವ ಸಲಹೆಯಲ್ಲಿ ಕೇಳಿದವಳ ಹಿತದ ಜೊತೆಗೆ ನನ್ನ ಸಮಾಧಾನದ ಪಾಲೂ ಸೇರಿರುತ್ತದೆ.

ಪ್ರಶ್ನೆಯಲ್ಲೇ ಇನ್ನೊಂದು ತೊಡಕಿದೆ. ನಾನು ನಿಜಕ್ಕೂ ನಿಮ್ಮ ಜಾಗದಲ್ಲಿ ನಿಂತರೆ, ನಿಮ್ಮ ಮಕ್ಕಳು, ನಿಮ್ಮ ಸಾಲ, ನಿಮ್ಮ ಭಯ ಎಲ್ಲವೂ ನನ್ನದಾದರೆ, ನಾನು ನೀವೇ ಆಗಿರುತ್ತೇನೆ. ನೀವು ಮಾಡುವುದನ್ನೇ ಮಾಡುತ್ತೇನೆ. ನಾನು ನಾನಾಗಿಯೇ ಉಳಿದು ಉತ್ತರಿಸಿದರೆ ಆ ಉತ್ತರ ನನ್ನ ಬಗ್ಗೆ ಮಾತ್ರ. ಕೇಳುವವರಿಗೂ ಇದು ಗೊತ್ತಿರುತ್ತದೆ. ಆದರೂ ಕೇಳುತ್ತಾರೆ. ಏಕೆಂದರೆ ಆ ಮಾತಿನ ಅಡಿಯಲ್ಲಿ ಇನ್ನೊಂದು ಪ್ರಶ್ನೆಯಿದೆ: ಯಾವುದನ್ನು ಮಾಡಿದರೂ ಆಮೇಲೆ ಬದುಕಬಹುದೆ?

ಇದಕ್ಕೆ ಉತ್ತರ ಬದುಕಿರುವ ದೇಹವೇ. ನ್ಯೂಯಾರ್ಕಿನ ಟೆರೀಸ್ ಲಾಸರ್ ತಮ್ಮ ಶಸ್ತ್ರಚಿಕಿತ್ಸೆಯ ನಂತರ, 1952ರಲ್ಲಿ, ಆಸ್ಪತ್ರೆಯಲ್ಲಿ ಮಲಗಿದ್ದ ಬೇರೆ ಹೆಂಗಸರನ್ನು ಹೋಗಿ ನೋಡುವ ಕೆಲಸ ಆರಂಭಿಸಿದರು. ಕೈಗೆ ವ್ಯಾಯಾಮವಾಗಲೆಂದು ಒಂದು ಚೆಂಡು, ಒಂದು ಹಗ್ಗ, ಒಳಗೆ ತೊಡಲು ಒಂದು ಕೃತಕ ಸ್ತನ ಒಯ್ಯುತ್ತಿದ್ದರು. ಇದೇ ಆಪರೇಷನ್ ಆದವಳೊಬ್ಬಳು ತನ್ನ ಕಾಲ ಮೇಲೆ ನಡೆದು ಒಳಗೆ ಬರುವುದನ್ನು ನೋಡುವುದಿದೆಯಲ್ಲ, ಅದನ್ನು ಯಾವ ವೈದ್ಯರೂ ಕೊಡಲಾರರು. ಆದರೆ ಕವಿ ಆಡ್ರೆ ಲಾರ್ಡ್ 1978ರಲ್ಲಿ ಸ್ತನ ತೆಗೆಸಿಕೊಂಡಾಗ ಅದೇ ಸಂಸ್ಥೆಯ ಸ್ವಯಂಸೇವಕಿ ಅದೇ ಬಗೆಯ ಪೊಟ್ಟಣದೊಂದಿಗೆ ಬಂದರು. ಏನೂ ಆಗಿಲ್ಲವೆಂಬಂತೆ ಕಾಣುವುದು ಹೇಗೆ ಎಂಬುದು ಲಾರ್ಡ್ ಅವರ ಪ್ರಶ್ನೆಯಾಗಿರಲಿಲ್ಲ. ಕೃತಕ ಸ್ತನ ತೊಡಲು ಅವರು ಒಪ್ಪಲಿಲ್ಲ. ಎಲ್ಲರೂ ಮುಚ್ಚಿಕೊಂಡರೆ ನಾವು ಒಬ್ಬರನ್ನೊಬ್ಬರು ಗುರುತಿಸುವುದು ಹೇಗೆ ಎಂಬುದು 1980ರ 'ದಿ ಕ್ಯಾನ್ಸರ್ ಜರ್ನಲ್ಸ್' ಪುಸ್ತಕದಲ್ಲಿನ ಅವರ ಕಳವಳ. ನನಗೆ ಇಬ್ಬರಲ್ಲೂ ಸತ್ಯ ಕಾಣುತ್ತದೆ. ಬಾಗಿಲಲ್ಲಿ ಬಂದು ನಿಂತ ಹೆಂಗಸು ಬೇಕು. ಅವಳು ತಂದ ಪೊಟ್ಟಣವನ್ನು ಬೇಡವೆನ್ನುವ ಹಕ್ಕೂ ಇರಬೇಕು.

ಇಂಥ ಜೊತೆಯಿಂದ ಆಯುಷ್ಯ ಹೆಚ್ಚುತ್ತದೆಯೆ? 1989ರಲ್ಲಿ ಡೇವಿಡ್ ಸ್ಪೀಗಲ್ ಮತ್ತು ಸಂಗಡಿಗರು, ಕಾಯಿಲೆ ಹರಡಿದ ಹೆಂಗಸರಲ್ಲಿ ವಾರಕ್ಕೊಮ್ಮೆ ಗುಂಪಾಗಿ ಕೂತು ಮಾತಾಡಿದವರು ಹೆಚ್ಚು ಕಾಲ ಬದುಕಿದರೆಂದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದಾಗ ದೊಡ್ಡ ಆಸೆ ಹುಟ್ಟಿತ್ತು. 2001ರಲ್ಲಿ ಕೆನಡಾದ ಪಮೇಲಾ ಗುಡ್‌ವಿನ್ ನೇತೃತ್ವದ ದೊಡ್ಡ ಅಧ್ಯಯನದಲ್ಲಿ ಆಯುಷ್ಯ ಹೆಚ್ಚಲಿಲ್ಲ. ಸಂಕಟ ಮತ್ತು ನೋವಿನ ಅನುಭವ ಮಾತ್ರ ಕಡಿಮೆಯಾಯಿತು. ಹಲವರಿಗೆ ಇದು ನಿರಾಸೆ. ನನಗೆ ನೆಮ್ಮದಿ. ಗೆಳೆತನ ಔಷಧಿಯಾಗಿದ್ದರೆ, ತೀರಿಕೊಂಡವರೆಲ್ಲ ಸಾಕಷ್ಟು ಮನಸ್ಸು ಬಿಚ್ಚಲಿಲ್ಲ ಎಂಬ ಅಪವಾದ ಹೊರಬೇಕಾಗುತ್ತಿತ್ತು.

ಬ್ಯಾಂಕಿನವರಿಗೆ ಮೂರು ವರ್ಷದ ನಂತರ ಕಾಯಿಲೆ ಮೂಳೆಗೆ ಬಂತು. ಒಂದು ರಾತ್ರಿ ಫೋನ್ ಮಾಡಿ, "ಎಲ್ಲಾ ತೆಗೆಸಿದ್ದು ದಂಡ ಆಯ್ತಲ್ಲ" ಎಂದರು. ಉಳಿಸಿಕೊಂಡಿದ್ದರೂ ಇದೇ ಆಗುವ ಸಾಧ್ಯತೆ ಅಷ್ಟೇ ಇತ್ತು, ಇಪ್ಪತ್ತು ವರ್ಷದ ಲೆಕ್ಕ ಹಾಗೇ ಹೇಳುತ್ತದೆ ಎಂದೆ. ಆಮೇಲೆ, "ಈ ಮೂರು ವರ್ಷ ನಿದ್ದೆ ಬಂತಾ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಂತು, ಚೆನ್ನಾಗಿ ಬಂತು" ಎಂದರು. ನಿರ್ಧಾರವನ್ನು ಕೊನೆಯ ಫಲಿತಾಂಶದಿಂದ ಅಳೆಯುವುದು ನಮ್ಮ ರೂಢಿ. ಆದರೆ ಅವರು ಆರಿಸಿಕೊಂಡದ್ದು ಅಭಯವನ್ನಲ್ಲ, ಅದು ಯಾರಿಗೂ ಸಿಗುವಂಥದ್ದಲ್ಲ. ಆರಿಸಿಕೊಂಡದ್ದು ನಿದ್ದೆಯನ್ನು, ಅದು ಅವರಿಗೆ ಸಿಕ್ಕಿತು. ಎರಡು ವರ್ಷದ ಹಿಂದೆ ಅವರು ತೀರಿಕೊಂಡರು. ಕುಷ್ಟಗಿಯವರು ಪ್ರತಿ ವರ್ಷ ಸುಗ್ಗಿಯ ಹೊತ್ತಿಗೆ ಫೋನ್ ಮಾಡುತ್ತಾರೆ.

ಈಗ ಯಾರಾದರೂ ಆ ಪ್ರಶ್ನೆ ಕೇಳಿದರೆ ನಾನು ತಿರುಗಿ ಕೆಲವನ್ನು ಕೇಳುತ್ತೇನೆ. ರಿಪೋರ್ಟನ್ನು ನೀವೇ ಓದಿದಿರಾ, ಇಲ್ಲ ಯಾರಾದರೂ ಓದಿ ಹೇಳಿದರಾ? ವಿಕಿರಣದ ಯಂತ್ರ ನಿಮ್ಮ ಊರಿಂದ ಎಷ್ಟು ದೂರ? ಜೊತೆಗೆ ಯಾರು ಬರುತ್ತಾರೆ? ಯೋಚಿಸಲು ಎಷ್ಟು ದಿನ ತೆಗೆದುಕೊಳ್ಳಬಹುದೆಂದು ಡಾಕ್ಟರನ್ನು ಕೇಳಿದಿರಾ? ರಾತ್ರಿ ಎಚ್ಚರವಾದಾಗ ಮೊದಲು ಬರುವ ಯೋಚನೆ ಯಾವುದು? ಇಷ್ಟಾದ ಮೇಲೆ ನಾನು ಏನು ಮಾಡಿದೆ, ಯಾಕೆ ಮಾಡಿದೆ ಎಂದು ಹೇಳುತ್ತೇನೆ. ನನ್ನಂತೆ ಮಾಡದವರೊಬ್ಬರು ಕುಷ್ಟಗಿಯಲ್ಲಿದ್ದಾರೆ, ಅವರ ಜೊತೆಯೂ ಮಾತಾಡಿ ಎಂದು, ಅವರ ಒಪ್ಪಿಗೆಯಿಂದಲೇ, ನಂಬರು ಕೊಡುತ್ತೇನೆ.

ಕಳೆದ ತಿಂಗಳು ಮಾತಾಡಿದವರು ಕೊನೆಗೆ ಪೂರ್ತಿ ತೆಗೆಸುವುದೆಂದು ತೀರ್ಮಾನಿಸಿ, ಅದನ್ನು ನನಗೆ ಹೇಳಲು ಹಿಂಜರಿದರು. ಪೆನ್ನು ತಗೊಳ್ಳಿ, ಬರೆದುಕೊಳ್ಳಿ ಎಂದೆ. ಮುಂದೆ ಹುಕ್ಕಿರುವ ಸಡಿಲ ರವಿಕೆ ನಾಲ್ಕು ಹೊಲಿಸಿಡಿ. ಡ್ರೈನ್ ಬಾಟಲಿಗೆ ಬಟ್ಟೆಯ ಸಣ್ಣ ಚೀಲ ಮಾಡಿ ಲಂಗದ ಲಾಡಿಗೆ ಕಟ್ಟಿಕೊಳ್ಳಿ, ಓಡಾಡುವಾಗ ಎಳೆಯುವುದಿಲ್ಲ. ಸಾಸಿವೆ ಆಮೇಲೆ, ಗಾಯ ಪೂರ್ತಿ ಮಾಗಿದ ಮೇಲೆ.