ಓಡಲು ಹೊರಟವರು, ಊರಿನಲ್ಲಿ ಉಳಿದವರು

ಹೊಟ್ಟೆಪಾಡಿಗಾಗಿ ಊರು ಬಿಟ್ಟವರನ್ನು ನಾವು ಧರ್ಮಾಧರ್ಮದ ಕಟಕಟೆಗೆ ಎಳೆಯುವುದಿಲ್ಲ. ಮಳೆ ಕೈಕೊಟ್ಟ ವರ್ಷ ಆದವಾನಿ, ಕೋಸಗಿ, ಪೆದ್ದಕಡುಬೂರುಗಳ ಕಡೆಯ ಕುಟುಂಬಗಳು ಗುಂಟೂರು ಸೀಮೆಯ ಮೆಣಸಿನಕಾಯಿ ಹೊಲಗಳಿಗೆ ಹೊರಡುತ್ತವೆ. ಬೆಂಗಳೂರಿನ ಕಟ್ಟಡದ ಕೆಲಸಕ್ಕೂ ಹೊರಡುತ್ತವೆ. ಇದಕ್ಕೆ ಇಲ್ಲಿಯ ಮಾತಿನಲ್ಲಿ ‘ಸುಗ್ಗಿಗೆ ಹೋಗುವುದು’ ಎಂದೇ ಹೆಸರು. ಕನ್ನಡದ ಕಿವಿಗೆ ಸುಗ್ಗಿಯೆಂದರೆ ಕಣ ತುಂಬುವ ಕಾಲ. ಈ ಸೀಮೆಯಲ್ಲಿ ಅದು ಮನೆಗೆ ಬೀಗ ಬೀಳುವ ಕಾಲವೂ ಹೌದು. ಮುದುಕರನ್ನು ಊರಿನಲ್ಲಿ ಬಿಟ್ಟು, ಮಕ್ಕಳನ್ನು ಶಾಲೆ ಬಿಡಿಸಿ ಹೋದವರನ್ನು ಯಾರೂ ಸ್ವಾರ್ಥಿಗಳೆನ್ನುವುದಿಲ್ಲ, ಅನ್ನಲೂಬಾರದು. ಆದರೆ ಅಂಥದೇ ಮನೆಯ ಹದಿನೆಂಟರ ಹುಡುಗನೊಬ್ಬ, “ನನ್ನ ಕಾಲಿನಲ್ಲಿ ಬಲವಿದೆ, ಓಟ ಕಲಿಯಲು ಪುಣೆಗೋ ಪಟಿಯಾಲಕ್ಕೋ ಹೋಗುತ್ತೇನಪ್ಪಾ” ಎಂದರೆ ಪ್ರಶ್ನೆಗಳು ಏಳುತ್ತವೆ. ಹೊಲ ನೋಡುವವರು ಯಾರು? ತಾಯಿಯ ಔಷಧಕ್ಕೆ ಯಾರು? ಕೇಳಿದವಳು ಹುಡುಗಿಯಾದರಂತೂ ಪ್ರಶ್ನೆಗಳು ಇಮ್ಮಡಿ.

ಅಂದರೆ ಅಗತ್ಯಕ್ಕಾಗಿ ಊರು ಬಿಟ್ಟವನಿಗೆ ಕ್ಷಮೆಯುಂಟು, ಹಂಬಲಕ್ಕಾಗಿ ಬಿಟ್ಟವನು ಲೆಕ್ಕ ಒಪ್ಪಿಸಬೇಕು. ಈ ಭೇದ ನ್ಯಾಯವಾದುದೇ?

ಓಡುವುದಕ್ಕೆ ಊರು ಬಿಡಬೇಕಾದರೂ ಏಕೆ, ರಸ್ತೆ ಇಲ್ಲಿಯೂ ಇದೆಯಲ್ಲ ಎನ್ನುವವರಿದ್ದಾರೆ. 1920ರಲ್ಲಿ ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆಯವರು ಆಂಟ್ವರ್ಪ್ ಒಲಿಂಪಿಕ್ಸಿನ ಮ್ಯಾರಥಾನಿನಲ್ಲಿ 42.75 ಕಿಲೋಮೀಟರು ಓಡಿ 19ನೆಯವರಾದುದು ನಿಜ. ಆದರೆ ಅವರೂ ಪುಣೆಯಲ್ಲಿ ದೊರಾಬ್ಜಿ ಟಾಟಾ ಅವರ ಕಣ್ಣಿಗೆ ಬಿದ್ದ ಮೇಲೆಯೇ ಹಡಗು ಹತ್ತಿದ್ದು. ಇಂದು ದೂರದ ಓಟವೆಂಬುದು ಒಂಟಿಯಾಗಿ ಕಲಿಯುವ ವಿದ್ಯೆಯಾಗಿ ಉಳಿದಿಲ್ಲ. ತನಗಿಂತ ವೇಗವಾಗಿ ಓಡುವವರ ಗುಂಪು ಬೇಕು, ಗಾಯವನ್ನು ಮೊದಲೇ ಗುರುತಿಸುವ ತರಬೇತುದಾರ ಬೇಕು. ಎತ್ತರದ ನೆಲವೂ ಬೇಕು: ತೆಳುವಾದ ಗಾಳಿಯಲ್ಲಿ ವಾರಗಟ್ಟಲೆ ಇದ್ದರೆ ದೇಹ ಹೆಚ್ಚು ಕೆಂಪು ರಕ್ತಕಣಗಳನ್ನು ಮಾಡಿಕೊಳ್ಳುತ್ತದೆ. ಉದಕಮಂಡಲ ಸಮುದ್ರಮಟ್ಟದಿಂದ 2200 ಮೀಟರಿಗೂ ಮೇಲಿದೆ. ನಮ್ಮ ಆದವಾನಿ 500 ಮೀಟರನ್ನೂ ಮುಟ್ಟುವುದಿಲ್ಲ. ಇವೆಲ್ಲಕ್ಕಿಂತ ಮುಖ್ಯವಾಗಿ, ನಮ್ಮ ದೇಶದಲ್ಲಿ ಓಟಗಾರನ ವೃತ್ತಿಯೆಂದರೆ ಬಹುಮಟ್ಟಿಗೆ ಸೈನ್ಯ, ರೈಲ್ವೆ ಅಥವಾ ಪೊಲೀಸ್ ಇಲಾಖೆಯ ಸಂಬಳ. ಆ ಸಂಬಳ ಎಲ್ಲಿಗೆ ಕರೆಯುತ್ತದೆಯೋ ಅಲ್ಲಿಗೆ ಹೋಗಬೇಕು.

ನಮ್ಮ ಸೀಮೆಯಂತೆಯೇ ಬರಗಾಲಕ್ಕೆ ಹೆಸರಾದ ಬೀಡ್ ಜಿಲ್ಲೆಯ ಅವಿನಾಶ ಸಾಬಳೆಯವರನ್ನು ನೋಡಿ. ತಂದೆತಾಯಿ ಇಟ್ಟಿಗೆ ಭಟ್ಟಿಯಲ್ಲಿ ದುಡಿದವರು. ಹನ್ನೆರಡನೆಯ ತರಗತಿ ಮುಗಿಸಿ ಅವರು ಸೈನ್ಯ ಸೇರಿದ್ದು ಪದಕಕ್ಕಾಗಿ ಅಲ್ಲ, ಜೀವನೋಪಾಯಕ್ಕಾಗಿ. ಸಿಯಾಚಿನ್ನಿನ ಹಿಮದಲ್ಲಿ ಕಾವಲಿದ್ದು, 2015ರಲ್ಲಿ ಸೈನ್ಯದೊಳಗಿನ ಓಟಕ್ಕೆ ಇಳಿದರು. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದ 3000 ಮೀಟರ್ ಸ್ಟೀಪಲ್‌ಚೇಸಿನಲ್ಲಿ ಸೆಕೆಂಡಿನ ನೂರರಲ್ಲಿ ಐದು ಭಾಗದ ಅಂತರದಿಂದ ಚಿನ್ನ ತಪ್ಪಿ ಬೆಳ್ಳಿ ಬಂತು. ಇಲ್ಲಿ ಅಗತ್ಯ ಎಲ್ಲಿ ಮುಗಿದು ಹಂಬಲ ಎಲ್ಲಿ ಮೊದಲಾಯಿತು? ಗೆರೆ ಎಳೆಯುವುದು ಸಾಧ್ಯವೆಂದು ನನಗೆ ತೋರುವುದಿಲ್ಲ. ನಾವು ಬೇರೆಬೇರೆಯೆಂದು ಬಗೆದ ಎರಡು ಒಂದೇ ದೇಹದಲ್ಲಿ ಕೂಡಿ ಓಡುತ್ತಿರುತ್ತವೆ.

ಇಂಗ್ಲೆಂಡಿನ ದಾರ್ಶನಿಕ ಬರ್ನಾರ್ಡ್ ವಿಲಿಯಮ್ಸ್ 1976ರಲ್ಲಿ ಈ ಬಗೆಯ ಪ್ರಶ್ನೆಯೊಂದನ್ನು ಎತ್ತಿದ್ದರು. ಹೆಂಡತಿ ಮಕ್ಕಳನ್ನು ತೊರೆದು ದೂರದ ದ್ವೀಪಕ್ಕೆ ಚಿತ್ರ ಬರೆಯಲು ಹೋದ ಗೊಗ್ಯಾನನ್ನು ನೆನಪಿಸುವ ಒಬ್ಬ ಕಲಾವಿದನನ್ನು ಅವರು ಉದಾಹರಣೆಯಾಗಿ ತೆಗೆದುಕೊಂಡರು. ಅವನ ನಿರ್ಧಾರವನ್ನು ಸಮರ್ಥಿಸಬಲ್ಲದ್ದು ಏನಾದರೂ ಇದ್ದರೆ ಅದು ಅವನ ಯಶಸ್ಸು ಮಾತ್ರ; ಹೊರಡುವಾಗ ಅವನಿಗೇ ಅದು ತಿಳಿಯದು. ವಾದ ಹರಿತವಾದುದು. ಆದರೂ ಓಟಗಾರರ ವಿಷಯದಲ್ಲಿ ನಾನಿದನ್ನು ಒಪ್ಪಲಾರೆ. ಚಿತ್ರಕ್ಕೆ ಕಾಲಾಂತರದಲ್ಲಿಯಾದರೂ ಬೆಲೆ ಬಂದೀತು. ಓಟದಲ್ಲಿ ಒಬ್ಬ ಗೆದ್ದರೆ ಉಳಿದವರೆಲ್ಲರೂ ಸೋಲಲೇಬೇಕು, ಆಟದ ಕಟ್ಟೇ ಹಾಗೆ. ಗೆದ್ದವನದು ಮಾತ್ರ ಧರ್ಮ ಎನ್ನುವುದಾದರೆ, ಬೆಳಗಿನ ನಾಲ್ಕು ಗಂಟೆಗೆ ಎದ್ದು ಅಷ್ಟೇ ನಿಷ್ಠೆಯಿಂದ ಓಡಿ, ಮೊಣಕಾಲು ಕೆಡಿಸಿಕೊಂಡು ಹಿಂದಿರುಗಿದ ನೂರು ಮಂದಿ ಅಧರ್ಮಿಗಳಾಗುತ್ತಾರೆ. ಅವರೂ ಅವನೂ ಹೊರಟದ್ದು ಒಂದೇ ಬಗೆಯ ಮನಸ್ಸಿನಿಂದ. ಫಲದ ಮೇಲೆ ಕಣ್ಣಿಡದೆ ಕರ್ಮವನ್ನು ತೂಗಬೇಕೆಂದು ಕೇಳುತ್ತ ಬೆಳೆದ ನಾವು ಕ್ರೀಡಾಪಟುವಿನ ಮನೆ ಬಾಗಿಲಲ್ಲಿ ಮಾತ್ರ ಫಲವನ್ನು ಕೇಳುತ್ತೇವೆ.

ಹಾಗಾದರೆ ತೂಗಬೇಕಾದುದು ಯಾವುದನ್ನು? ಸೋತರೆ ಆ ಸೋಲಿನ ಭಾರ ಯಾರ ಹೆಗಲಿಗೆ ಬೀಳುತ್ತದೆ ಎಂಬುದನ್ನು. ಅಣ್ಣ ಓಡಲು ಹೋದನೆಂದು ತಂಗಿಯ ಓದು ನಿಂತರೆ, ಅವನು ಪದಕ ತಂದರೂ ಆ ಲೆಕ್ಕ ಚುಕ್ತಾ ಆಗುವುದಿಲ್ಲ. ಎಷ್ಟು ವರ್ಷದ ಪ್ರಯತ್ನ, ಎಷ್ಟು ಖರ್ಚು, ಅಷ್ಟರಲ್ಲಿ ಮನೆಯ ಹೊಣೆ ಯಾರದು ಎಂದು ಹೊರಡುವ ಮೊದಲೇ ಕೂತು ಮಾತನಾಡಿದ ಮನೆಯಲ್ಲಿ, ಅವನು ಬರಿಗೈಯಲ್ಲಿ ಬಂದರೂ ದ್ರೋಹವಾಗಲಿಲ್ಲ. ಈ ಮಾತುಕತೆಗೆ ನಮ್ಮ ಹಿರಿಯರು ಕೂರುವುದು ಅಪರೂಪ. ಒಂದೋ ಗದರಿಸಿ ಕೂರಿಸುತ್ತಾರೆ, ಇಲ್ಲವೇ ಹಾರ ಹಾಕಿ ಕಳಿಸುತ್ತಾರೆ.

ಊರಿನಲ್ಲಿ ಉಳಿಯುವುದೇ ನಿಷ್ಠೆ ಎಂಬ ಮಾತಿಗೆ ಈ ಸಂಘದವರು ತಲೆದೂಗುವುದು ಕಷ್ಟ. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಬಳ್ಳಾರಿಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದವು. ಅಂದು ನಮ್ಮ ಹಿರಿಯರು ಒಂದು ಹೆಜ್ಜೆಯನ್ನೂ ಇಡಲಿಲ್ಲ. ಗಡಿಯೇ ಅವರನ್ನು ದಾಟಿ ಹೋಯಿತು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು ಎಂದು ಬದುಕಿದವರ ಮೊಮ್ಮಗಳು ಶಿಬಿರದಲ್ಲಿ ಹಿಂದಿಯನ್ನೂ ಕಲಿತಾಳು. ಮಂತ್ರಾಲಯದ ರಾಯರು ತಮಿಳುನಾಡಿನ ಭುವನಗಿರಿಯಲ್ಲಿ ಹುಟ್ಟಿದವರು. ಚಿಪ್ಪಗಿರಿಯಲ್ಲಿ ದೇಹವಿಟ್ಟ ವಿಜಯದಾಸರು ಚೀಕಲಪರವಿಯಲ್ಲಿ ಹುಟ್ಟಿದವರು. ಹುಟ್ಟಿದೂರು ಬಿಟ್ಟವರನ್ನು ಪೂಜಿಸುತ್ತ ಬಂದಿರುವ ನೆಲ ಇದು.

ಆದರೆ ಅವರೆಲ್ಲ ಸಿದ್ಧಿ ಪಡೆದವರು. ನನ್ನ ಚಿಂತೆ ಇರುವುದು ಇಪ್ಪತ್ತೇಳಕ್ಕೆ ಓಟ ನಿಲ್ಲಿಸಿ, ನೌಕರಿಯೂ ಸಿಗದೆ, ಒಂದು ಚೀಲ ಹಿಡಿದು ಆದವಾನಿ ನಿಲ್ದಾಣದಲ್ಲಿ ಇಳಿಯುವವಳ ಬಗ್ಗೆ. ಅವಳಿಗೆ ಬಂದ ವಿದ್ಯೆಯುಂಟು: ಬಿಸಿಲಿಗೆ ಮುಂಚೆ ಮಕ್ಕಳನ್ನು ಓಡಿಸುವುದು ಹೇಗೆ, ಯಾವ ನೋವನ್ನು ಸಹಿಸಬೇಕು, ಯಾವುದಕ್ಕೆ ನಿಲ್ಲಬೇಕು ಎಂಬುದು ಅವಳಿಗೆ ಗೊತ್ತು. ಅವಳನ್ನು ನಮ್ಮೂರ ಶಾಲೆಯ ಮೈದಾನಕ್ಕೆ ಕರೆಯುವವರು ಯಾರು, ಅದಕ್ಕೆ ಸಂಬಳ ಕೊಡುವವರು ಯಾರು?